ಬೆದರುಬೊಂಬೆಗೆ ಹೊಲಿದ ಅಂಗಿ

ಶಿಕ್ಷಕರ ಸಂಘದ ಕಾಗದವನ್ನು ಎರ್ಮೆಕ್ ಮನೆಗೆ ತಂದದ್ದು ಕದ್ದ ಕೋಳಿಯನ್ನು ತರುವವನ ಹಾಗೆ, ಕೋಟಿನೊಳಗೆ ಬಚ್ಚಿಟ್ಟುಕೊಂಡು. ನರೀನಿನ ಶಾಲೆಯಲ್ಲಿ ಹದಿಮೂರು ವರ್ಷ ವಿಜ್ಞಾನ ಹೇಳಿಕೊಟ್ಟ ಮೇಲೆ ಅವನ ಸರದಿ ಬಂದಿತ್ತು. ಇಸ್ಸಿಕ್-ಕುಲ್ ಸರೋವರದ ದಡದಲ್ಲಿ ಹತ್ತು ದಿನ. ಬಾಗಿಲು ತೆಗೆದರೆ ಕಾಲಿಗೆ ಮರಳು ಸಿಗುವ ರೆಸಾರ್ಟಿನಲ್ಲಿ ಒಂದು ಕೋಣೆ. ಮೂರು ಹೊತ್ತಿನ ಊಟ. ಹೆಂಡತಿ ಜಿಪಾರ್ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಅತ್ತೆಯ ಕಿವಿಗೆ ಬೀಳದ ಜಾಗ ಆ ಮನೆಯಲ್ಲಿ ಅದೊಂದೇ.

ಜಿಪಾರ್ ಕೈ ಒರೆಸಿಕೊಂಡು ಕಾಗದ ಓದಿದಳು. ಮೊದಲ ಸಲ ಓದಿದಾಗ ಮುಖ ಅರಳಿತು. ಎರಡನೆಯ ಸಲ ಓದಿದಾಗ ಅರಳಿದ್ದು ಹಾಗೇ ನಿಂತಿತು. ‘ದೊಡ್ಡವರು ಇಬ್ಬರು, ಮಕ್ಕಳು ಇಬ್ಬರು’ ಎಂದು ಬರೆದಿತ್ತು.

“ತಿಲೆಕನ ಅಪ್ಪಾ,” ಎಂದಳು. ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳುತ್ತಿರಲಿಲ್ಲ. “ನಮಗೆ ಮಕ್ಕಳೆಷ್ಟು?”

“ಮೂರು. ಯಾಕೆ?”

“ಇದನ್ನ ಬರೆದವರು ಯಾರು?”

ಎರ್ಮೆಕ್ ಕಾಗದ ನೋಡಿದ. ಹಸು ಅವನನ್ನು ನೋಡಿತು. “ಕೈ ತಾನಾಗೇ ಬರೆದುಬಿಡ್ತು ಕಣೇ,” ಎಂದ. “ದೊಡ್ಡವಳು ಬೆಗಾಯ್ ನಮ್ಮಮ್ಮನ ಮಗು ಅಂತ ರೂಢಿ ಆಗಿಹೋಗಿದೆ ನೋಡು.”

“ಊರ ಮಕ್ಕಳಿಗೆಲ್ಲ ವಿಜ್ಞಾನ ಕಲಿಸ್ತೀರಿ. ಮನೇಲಿ ಮೂರರ ತನಕ ಎಣಿಸೋಕೆ ಆಗಲಿಲ್ಲ.”

ರೂಢಿಯೆಂಬುದು ಸುಳ್ಳಲ್ಲ. ಅವರ ಕಡೆ ಮೊದಲ ಮಗು ಅಜ್ಜ ಅಜ್ಜಿಯರ ಪಾಲು. ಬೆಗಾಯ್ ಹುಟ್ಟಿ ನಲವತ್ತು ದಿನ ತುಂಬಿದ ಬೆಳಿಗ್ಗೆ ಅತ್ತೆ ಬುರುಲ್ ಅಪಾ ಕೂಸನ್ನು ಎತ್ತಿ ತನ್ನ ಕಂಬಳಿಯೊಳಗೆ ಇಟ್ಟುಕೊಂಡಳು. ಹಾಲಿಗೆ ಮಾತ್ರ ತಾಯಿ, ಉಳಿದದ್ದಕ್ಕೆಲ್ಲ ಅಜ್ಜಿ. ಮಗು ಮಾತು ಕಲಿತಾಗ ಅಜ್ಜಿಯನ್ನು ‘ಅಪಾ’ ಎಂದಿತು, ಅಂದರೆ ಅಮ್ಮ. ಹೆತ್ತವಳನ್ನು ‘ಜೆನೆ’ ಎಂದಿತು, ಅಂದರೆ ಅತ್ತಿಗೆ. ಜಿಪಾರ್ ಇದಕ್ಕೆ ಎದುರಾಡಿದವಳಲ್ಲ. ಅವಳ ಅಕ್ಕನೂ ಹಾಗೇ ಬೆಳೆದವಳು. ದೇವರು ಆಮೇಲೆ, ಈಗ ನಾಲ್ಕು ವರ್ಷದ ತಿಲೆಕನನ್ನೂ ಎರಡು ವರ್ಷದ ಸುಯುನ್‌ಳನ್ನೂ ಕೊಟ್ಟು ಅವಳ ತೋಳು ತುಂಬಿಸಿದ್ದ.

ಆದರೆ ಜಿಪಾರ್ ಬೆಟ್ಟದ ಮಗಳಲ್ಲ, ಸರೋವರದ ಮಗಳು. ಏಳನೆಯ ಬೇಸಿಗೆಯಲ್ಲಿ ಅವಳ ತಾಯಿ ಅವಳನ್ನು ನೀರಿನ ಮೇಲೆ ಅಂಗಾತ ಮಲಗಿಸಿ, ಬೆನ್ನಿಗೆ ಅಂಗೈ ಕೊಟ್ಟು, ಹೇಳದೆ ಕೇಳದೆ ಒಂದು ಗಳಿಗೆಯಲ್ಲಿ ಆ ಅಂಗೈ ತೆಗೆದಿದ್ದಳು. ತೆಗೆದದ್ದು ಗೊತ್ತಾಗುವ ಮೊದಲೇ ಹುಡುಗಿ ತೇಲುತ್ತಿದ್ದಳು. ತಾಯಿ ಈಗಿಲ್ಲ, ಆ ಅಂಗೈಯ ನೆನಪು ಬೆನ್ನಿನಲ್ಲಿ ಇದೆ. ಬೆಗಾಯ್‌ಗೆ ಈ ಬೇಸಿಗೆ ಏಳು ತುಂಬಿತ್ತು. ಮಗು ಯಾರದಾದರೂ ಆಗಿರಲಿ, ತನ್ನನ್ನು ಏನಂತಲಾದರೂ ಕರೆಯಲಿ, ಆ ಬೆನ್ನಿಗೆ ಅಂಗೈ ಮಾತ್ರ ತನ್ನದೇ ಆಗಬೇಕು. ಜಿಪಾರ್ ಕೇಳಿದ್ದು ಅಷ್ಟೇ, ಅದನ್ನೂ ಹಸುವಿನ ಹತ್ತಿರ ಬಿಟ್ಟು ಯಾರ ಹತ್ತಿರವೂ ಕೇಳಿರಲಿಲ್ಲ.

ಕಷ್ಟ ಎರಡಿದ್ದವು. ಮೊದಲನೆಯದು ಕಾಗದ. ಎರಡನೆಯದು ಕಾಗದಕ್ಕಿಂತ ಗಟ್ಟಿ: ಬುರುಲ್ ಅಪಾ. ಹೋಗುವ ಮುಂಚೆ ಅವಳು ಅಂಗೈ ಬಿಚ್ಚಿ ಬತಾ, ಅಂದರೆ ಹರಕೆ, ಹೇಳಬೇಕು. ಹಿರಿಯರ ಬಾಯಿಂದ ಬತಾ ಪಡೆಯದೆ ಹರಕೆಗೇಡಿಗಳಾಗಿ ದೊಲೊನ್ ಘಾಟಿ ದಾಟಿದವರ ಕಾರು ಎಲ್ಲಿ ಕೆಟ್ಟಿತು, ಯಾರ ಟೈರು ಎಲ್ಲಿ ಒಡೆಯಿತು ಎಂಬ ಕಥೆಗಳು ನರೀನಿನಲ್ಲಿ ಮನೆಗೆ ಹತ್ತು ಸಿಗುತ್ತವೆ. ಮಳೆಯಿಂದ ನೆಲ ಹಸಿರು, ಬತಾದಿಂದ ಮನೆ ಹಸಿರು ಎನ್ನುವ ಜನ. ಆದರೆ ಬತಾ ಕೇಳಿದರೆ ಅತ್ತೆಗೆ ವಿಷಯ ತಿಳಿಯುತ್ತದೆ. ತಿಳಿದರೆ ಒಂದೋ ಬೆಗಾಯ್‌ಳನ್ನು ಕಳಿಸುವುದಿಲ್ಲ, ಇಲ್ಲವೇ ತಾನೂ ಹೊರಡುತ್ತಾಳೆ. ಹೊರಟರೆ ಮಗು ನೀರಿಗಿಳಿದ ಹಾಗೆಯೇ. ಬುರುಲ್ ಅಪಾ ಅರವತ್ತೆಂಟು ವರ್ಷದಲ್ಲಿ ಪಾದ ಮುಳುಗುವುದಕ್ಕಿಂತ ಹೆಚ್ಚು ನೀರಿಗೆ ಇಳಿದವಳಲ್ಲ. ಬೆಗಾಯ್ ಹಳ್ಳದ ಕಲ್ಲಿನ ಮೇಲೆ ನಿಂತರೂ ಹಿಂದಿನಿಂದ ಜಡೆ ಹಿಡಿದುಕೊಂಡು ನಿಲ್ಲುವವಳು.

ಹಾಗಾಗಿ ಜಿಪಾರ್ ಒಂದು ಹೂಟ ಹೂಡಿದಳು. ಸರೋವರದ ಹೆಸರು ಕೇಳಿದರೇ ಅತ್ತೆಗೆ ಹೇಸಿಗೆ ಹುಟ್ಟಬೇಕು. ಆಗ ‘ನೀವೇ ಹೋಗಿ ಸಾಯಿರಿ’ ಎಂದು ಅವಳು ಮನೆಯಲ್ಲಿ ಉಳಿಯುತ್ತಾಳೆ. ಕೊನೆಯ ದಿನ ‘ಸುಯುನ್‌ಳನ್ನು ನೋಡಿಕೊಳ್ಳೋಕೆ ಒಂದು ದೊಡ್ಡ ಹುಡುಗಿ ಬೇಕಲ್ಲ ಅಪಾ’ ಎಂದು ಬೆಗಾಯ್‌ಳನ್ನು ಕೇಳಿಕೊಂಡರಾಯಿತು.

ಮರುದಿನ ಚಹಾಕ್ಕೆ ಕೂತಾಗಲೇ ಶುರುವಾಯಿತು. ಅತ್ತೆಯ ಬಟ್ಟಲಿಗೆ ಮರ್ಯಾದೆಯಂತೆ ಅರ್ಧದಷ್ಟೇ ಚಹಾ ಹಾಕಿಕೊಡುತ್ತಾ ಜಿಪಾರ್ ನಿಟ್ಟುಸಿರಿಟ್ಟಳು. ಸಂಘದವರು ರೆಸಾರ್ಟಿಗೆ ಹೋಗಿ ಅಂತ ಬಲವಂತ ಮಾಡುತ್ತಿದ್ದಾರೆ, ಬೇಡ ಅಂದರೆ ಮೇಲಿನವರಿಗೆ ಬೇಜಾರು, ಹೋದರೆ ನಮಗೆ ಬೇಜಾರು ಎಂದಳು. ಅಲ್ಲಿ ಕುದುರೆಹಾಲಿನ ಕುಮಿಸ್ ಸಿಗುವುದಿಲ್ಲವಂತೆ, ಬೆಳಿಗ್ಗೆ ಗಂಜಿ, ಸಂಜೆಗೂ ಬೆಳಗಿನದೇ ಗಂಜಿಯಂತೆ. ಕಿವಿ ಕಿತ್ತುಹೋಗುವಂಥ ಹಾಡು ಹಾಕುತ್ತಾರಂತೆ. ಹೆಂಗಸರು ಕರವಸ್ತ್ರದಷ್ಟು ಬಟ್ಟೆ ಸುತ್ತಿಕೊಂಡು ತಿರುಗುತ್ತಾರಂತೆ.

ಎರ್ಮೆಕ್ ತಲೆಯಾಡಿಸಿದ. ತಲೆಯಾಡಿಸುವುದು ಅವನಿಗೆ ವಹಿಸಿದ ಕೆಲಸವಾಗಿತ್ತು.

ಬುರುಲ್ ಅಪಾ ಚಹಾ ಊದಿ ಊದಿ ಕುಡಿದಳು. “ಯಾವ ಕರವಸ್ತ್ರ?” ಎಂದಳು. “ಮೂಗು ಒರೆಸೋದಾ, ತಲೆಗೆ ಕಟ್ಟೋದಾ?”

ಜಿಪಾರ್ ಇದಕ್ಕೆ ತಯಾರಾಗಿರಲಿಲ್ಲ. “ಮೂಗು ಒರೆಸೋದೇ ಅಪಾ,” ಎಂದಳು.

“ಪಾಪ. ಚಳಿ ಆಗಲ್ವಾ ಅವಕ್ಕೆ,” ಎಂದಳು ಅತ್ತೆ. ಬಟ್ಟಲನ್ನು ಮತ್ತೆ ಮುಂದೆ ಚಾಚಿದಳು.

ಜೂನ್ ಪೂರ್ತಿ ಹೀಗೇ ನಡೆಯಿತು. ಚಹಾದ ಹೊತ್ತಿನಲ್ಲಿ ಸರೋವರವನ್ನು ಬೈಯುವುದು, ಉಳಿದ ಹೊತ್ತಿನಲ್ಲಿ ಸರೋವರಕ್ಕೆ ಗಂಟು ಕಟ್ಟುವುದು. ತಿಲೆಕನಿಗೆ ಗುಟ್ಟು ಹೇಳಿ ಬಾಯಿಗೆ ಬೆರಳಿಟ್ಟು ಆಣೆ ಹಾಕಿಸಿದ್ದರು. ಅವನು ಬಾಯಿಗೆ ಬೆರಳಿಟ್ಟುಕೊಂಡೇ ಮನೆಮನೆಗೆ ಹೋಗಿ ತನಗೊಂದು ಗುಟ್ಟಿದೆಯೆಂದು ತೋರಿಸಿಬಂದ. ಆಮೇಲೆ ಉಣ್ಣೆಯ ಜಮಖಾನೆಯ ಮೇಲೆ ಹೊಟ್ಟೆ ಕೊಟ್ಟು ಮಲಗಿ ಕೈಕಾಲು ಬಡಿಯುತ್ತಾ, “ನಾನು ಈಜ್ತಿಲ್ಲ, ನಾನು ಈಜ್ತಿಲ್ಲ,” ಎಂದು ಕೂಗಿಕೊಂಡ. ಸುಯುನ್‌ಗೆ ತಂದ ಗಾಳಿ ತುಂಬುವ ಈಜುಬಳೆಗೆ ಬಾತುಕೋಳಿಯ ತಲೆಯಿತ್ತು. ಅವಳು ಅದನ್ನು ಸೊಂಟಕ್ಕೆ ಹಾಕಿಕೊಂಡವಳು ತೆಗೆಯಲು ಬಿಡಲಿಲ್ಲ. ಊಟಕ್ಕೆ ಅದರಲ್ಲೇ ಕೂತಳು, ನಿದ್ದೆಯನ್ನೂ ಅದರಲ್ಲೇ ಮಾಡಿದಳು. ಅದೇನು ಎಂದು ಬುರುಲ್ ಅಪಾ ಕೇಳಿದಾಗ ಎರ್ಮೆಕ್, ಬಿದ್ದರೆ ಪೆಟ್ಟಾಗದಿರಲಿ ಅಂತ ಎಂದ. ಅತ್ತೆ ಒಪ್ಪಿಕೊಂಡಳು. ಬಾತುಕೋಳಿಗೆ ಒಂದು ತುಂಡು ರೊಟ್ಟಿಯನ್ನೂ ಕೊಟ್ಟಳು.

ಬೆಗಾಯ್‌ಗೆ ಮಾತ್ರ ಜಿಪಾರ್ ಗುಟ್ಟಿನ ಜೊತೆ ಪಾಠವನ್ನೂ ಹೇಳಿದಳು. ಸೌದೆ ಮನೆಯ ಬೆಂಚಿನ ಮೇಲೆ ಅಂಗಾತ ಮಲಗಿಸಿ, ಬೆನ್ನಿನ ಕೆಳಗೆ ಕೈ ತೂರಿಸಿ, “ಹೊಟ್ಟೆ ಮೇಲೆ ಮಾಡು, ಆಕಾಶ ನೋಡು, ಉಸಿರು ಬಿಗಿ ಹಿಡೀಬೇಡ,” ಎಂದಳು. ಬೆಗಾಯ್ ಸೂರಿನ ಜೇಡರ ಬಲೆಯನ್ನು ಆಕಾಶವೆಂದು ನೋಡಿದಳು. “ಜೆನೆ, ಕೈ ತೆಗೀಬೇಡ,” ಎಂದಳು. ಬೆಂಚಿನ ಮೇಲಿದ್ದೀಯಲ್ಲೇ ಎಂದು ಜಿಪಾರ್ ನಕ್ಕಳು. ಕೈ ಮಾತ್ರ ತೆಗೆಯಲಿಲ್ಲ, ತೋಳು ಜೋಮು ಹಿಡಿಯುವ ತನಕ.

ಒಂದು ವಿಷಯವನ್ನು ಅವಳು ಮರೆತಿದ್ದಳು. ಬೆಗಾಯ್ ಮಲಗುತ್ತಿದ್ದುದು ಅಜ್ಜಿಯ ಕಂಬಳಿಯೊಳಗೆ. ಆ ಕಂಬಳಿಯೊಳಗೆ ಹಗಲಿನ ಯಾವ ಮಾತೂ ಉಳಿಯುತ್ತಿರಲಿಲ್ಲ.

ಜುಲೈ ಬಂತು. ಬುರುಲ್ ಅಪಾಳಿಗೆ ಮಂಡಿನೋವು ಶುರುವಾಯಿತು. ಮೊದಲು ಎಡಮಂಡಿ, ಮಾರನೆಯ ದಿನ ಬಲಮಂಡಿ. ಮೂರನೆಯ ದಿನ ಯಾವುದೆಂದು ಅವಳಿಗೇ ಮರೆತುಹೋಗಿ ಎರಡನ್ನೂ ಹಿಡಿದುಕೊಂಡಳು. ಯಾವುದೋ ದಡದಲ್ಲಿ ಕಪ್ಪು ಮಣ್ಣು ಇದೆಯಂತೆ, ಹಚ್ಚಿಕೊಂಡರೆ ಮಂಡಿ ಹದಿನೆಂಟರ ಹುಡುಗಿಯದಾಗುತ್ತದಂತೆ, ಆ ದಡದ ಹೆಸರು ಮಾತ್ರ ನೆನಪಾಗುತ್ತಿಲ್ಲ ಎಂದಳು. ಜಿಪಾರ್ ಬೇಗ ಬೇಗ ಕರಡಿಯ ಕೊಬ್ಬು ಕಾಯಿಸಿ ತಂದು ತಿಕ್ಕಿದಳು. ಕೊಬ್ಬಿನ ನಾತ ಮೂರು ದಿನ ಮನೆ ಬಿಡಲಿಲ್ಲ.

ಆ ವಾರವೇ ಅತ್ತೆ ಪೆಟ್ಟಿಗೆಯ ತಳದಿಂದ ಕಡುನೀಲಿ ಬಟ್ಟೆಯೊಂದನ್ನು ತೆಗೆದು ಸೊಸೆಯ ಮುಂದೆ ಇಟ್ಟಳು. “ಒಂದು ಅಂಗಿ ಹೊಲಿ,” ಎಂದಳು. “ಮಂಡಿ ಮುಚ್ಚಬೇಕು. ತೋಳು ಗಿಡ್ಡ ಇರಲಿ. ಒದ್ದೆಯಾದ್ರೆ ಮೈಗೆ ಅಂಟಬಾರದು.”

“ಯಾರಿಗೆ ಅಪಾ?”

“ಆಲೂಗಡ್ಡೆ ಹೊಲದ ಬೆದರುಬೊಂಬೆಗೆ.”

ಜಿಪಾರ್ ಬಟ್ಟೆ ತಿರುವಿ ನೋಡಿದಳು. “ಬೆದರುಬೊಂಬೆ ಯಾಕೆ ಒದ್ದೆಯಾಗುತ್ತೆ?”

“ಮಳೆ ಬರಲ್ವಾ?”

“ಅಳತೆ?”

“ನನ್ನದೇ ತಗೋ. ಅದಕ್ಕೂ ವಯಸ್ಸಾಯ್ತು.”

ಹೊಲಿಯುತ್ತಾ ಹೊಲಿಯುತ್ತಾ ಜಿಪಾರ್‌ಗೆ ಸೂಜಿಯ ಬದಲು ಅನುಮಾನ ಚುಚ್ಚಿತು. ಆದರೆ ಸೊಸೆಯಾದವಳು ಬೆದರುಬೊಂಬೆಯ ಅಂಗಿಯ ಬಗ್ಗೆ ಅತ್ತೆಯ ಜೊತೆ ವಾದ ಮಾಡುವುದು ಹೇಗೆ? ಅಂಚಿಗೆ ಸಾಲಾಗಿ ಒಂದು ಬಿಳಿ ದಾರದ ಬಳ್ಳಿಯನ್ನೂ ಹಾಕಿಕೊಟ್ಟಳು. ಕಾಗೆಗಳಿಗೆ ಚೆಂದ ಕಾಣಲಿ ಅಂತ ಎಂದಳು. ಅತ್ತೆ ಅದನ್ನು ಬೆಳಕಿಗೆ ಹಿಡಿದು, “ಕಾಗೆಗಳ ಪುಣ್ಯ,” ಎಂದು ಮಡಚಿಟ್ಟುಕೊಂಡಳು.

ಹೊರಡಲು ನಾಲ್ಕು ದಿನ ಇತ್ತು. ಕಾಗದ ಇನ್ನೂ ‘ಮಕ್ಕಳು ಇಬ್ಬರು’ ಎನ್ನುತ್ತಿತ್ತು. ಎರ್ಮೆಕ್ ತನ್ನ ವಿಜ್ಞಾನವನ್ನೆಲ್ಲ ಖರ್ಚು ಮಾಡಿ ಒಂದು ಉಪಾಯ ಹೇಳಿದ: ಬೆಗಾಯ್‌ಗೆ ತಿಲೆಕನ ಟೊಪ್ಪಿ ಹಾಕುವುದು, ಇಬ್ಬರನ್ನೂ ಒಂದೇ ಸಲಕ್ಕೆ ಯಾರಿಗೂ ತೋರಿಸದಿರುವುದು. ಊಟದ ಮನೆಯಲ್ಲಿ ಒಬ್ಬ ಉಂಡು ಬಂದ ಮೇಲೆ ಇನ್ನೊಬ್ಬಳು ಅದೇ ಟೊಪ್ಪಿಯಲ್ಲಿ ಹೋಗುವುದು. ‘ಒಂದೇ ಹುಡುಗ ದಿನಕ್ಕೆ ಆರು ಹೊತ್ತು ಉಣ್ತಾನೆ ಅಂದ್ರೆ ಅವರು ವೈದ್ಯರನ್ನ ಕರೆಸ್ತಾರೆ’ ಎಂದಳು ಜಿಪಾರ್. ತಾನೇ ಸಂಘದ ಕಚೇರಿಗೆ ಹೋದಳು.

ಅಲ್ಲಿ ಪಟ್ಟಿ ಬರೆಯುವವಳು ಸಾಬಿರಾ ಎಜೆ, ಅಂದರೆ ಸಾಬಿರಕ್ಕ, ವರ್ಷಗಳಿಂದ ಅದೇ ಕುರ್ಚಿಯಲ್ಲಿ ಕೂತವಳು, ಬುರುಲ್ ಅಪಾಳ ಚಹಾದ ಗೆಳತಿ. ಜಿಪಾರ್ ತಡವರಿಸುತ್ತಾ ವಿಷಯ ಹೇಳಿದಳು. ಒಂದು ಹೆಸರು ಬಿಟ್ಟುಹೋಗಿದೆ, ಬರೆದವರು ಅವಸರದಲ್ಲಿದ್ದರು. ಸಾಬಿರಾ ಎಜೆ ತುಟಿಗಳನ್ನು ಒಳಕ್ಕೆ ಎಳೆದುಕೊಂಡು, ಪಟ್ಟಿ ಹೋಗಿಬಿಟ್ಟಿದೆ, ಇನ್ನು ತನ್ನ ಕೈಲಿಲ್ಲ ಎಂದಳು. ಆಮೇಲೆ ಸುಮ್ಮನೆ ಒಂದು ಮಾತು ಸೇರಿಸಿದಳು.

“ಮೊದಲು ಹೋಗಿ ಬತಾ ತಗೋಮ್ಮ. ಬತಾ ಇಲ್ಲದೆ ಪೆನ್ನೂ ಬರೆಯಲ್ಲ.”

ಜಿಪಾರ್ ಮನೆ ತನಕ ನಡೆದೇ ಬಂದಳು. ನರೀನ್ ನದಿ ಪಕ್ಕದಲ್ಲೇ ಹರಿಯುತ್ತಿತ್ತು. ಆ ನೀರಿನ ಓಟಕ್ಕೆ ಮಕ್ಕಳನ್ನು ಇಳಿಸುವ ಹಾಗಿಲ್ಲ. ಬೆಗಾಯ್‌ಗೆ ಎಂಟಾಗುತ್ತದೆ, ಒಂಬತ್ತಾಗುತ್ತದೆ, ಸಂಘದ ಸರದಿ ಇನ್ನು ಹದಿಮೂರು ವರ್ಷಕ್ಕೆ ಬರುತ್ತದೆ. ಅಷ್ಟು ಹೊತ್ತಿಗೆ ಆ ಬೆನ್ನಿಗೆ ಅಂಗೈ ಕೊಡುವ ಅಗತ್ಯ ಯಾರಿಗಿರುತ್ತದೆ?

ಹೊರಡುವ ಹಿಂದಿನ ಮಧ್ಯಾಹ್ನ ಅವಳು ಎಣ್ಣೆಯಲ್ಲಿ ಬೊರ್ಸೋಕ್ ಕರಿದು ಮೇಜಿನ ತುಂಬ ಸುರಿದಳು, ಕುರಿಮಾಂಸ ಬೇಯಿಸಿದಳು. ಸಾಬಿರಾ ಎಜೆಯೂ ಬಂದು ಕೂತಳು. ಯಾರು ಕರೆದರೋ ತಿಳಿಯಲಿಲ್ಲ. ಉಂಡಾದ ಮೇಲೆ ಎರ್ಮೆಕ್ ಗಂಟಲು ಸರಿಮಾಡಿಕೊಂಡು, “ಅಪಾ, ನಾಳೆ ನಾವು ನಾಲ್ಕು ಜನ... ನಿಮ್ಮ ಬತಾ,” ಎಂದ. ಸುಯುನ್‌ಳನ್ನು ನೋಡಿಕೊಳ್ಳುವ ದೊಡ್ಡ ಹುಡುಗಿಯ ಮಾತು ಜಿಪಾರ್‌ಳ ನಾಲಿಗೆಯ ತುದಿಗೆ ಬಂತು. ಕಾಗದದಲ್ಲಿ ಜಾಗವಿಲ್ಲದ ಮಗುವನ್ನು ಯಾವ ಮುಖದಿಂದ ಕೇಳುವುದು? ಅವಳು ಚಹಾದ ಬಟ್ಟಲುಗಳನ್ನು ಬದಿಗೆ ಸರಿಸಿದಳು.

ಬುರುಲ್ ಅಪಾ ತಲೆವಸ್ತ್ರ ಸರಿಪಡಿಸಿಕೊಂಡಳು. ಎರಡು ಅಂಗೈಗಳನ್ನು ಎದೆಯ ಮುಂದೆ ಬಿಚ್ಚಿ ಹಿಡಿದಳು. ಎಲ್ಲರ ಅಂಗೈಗಳೂ ಬಿಚ್ಚಿದವು. ಅವಳು ಬತಾ ಹೇಳಲು ಕೂತರೆ ಬೀದಿಯಲ್ಲಿ ಹೋಗುವವರೂ ನಿಲ್ಲುತ್ತಿದ್ದರು. ಮಾತು ತಾನಾಗಿ ಸಾಲುಗಟ್ಟಿ ಬರುತ್ತಿತ್ತು, ಕುರಿಗಳು ಸಂಜೆ ಹಟ್ಟಿಗೆ ಬರುವ ಹಾಗೆ.

“ದಾರಿ ನಿಮಗೆ ಬಿಳುಪಾಗಲಿ, ದೊಲೊನ್ ಘಾಟಿ ಬಾಗಿರಲಿ,
ಹೋದ ಗಾಲಿ ಹೋದಂತೆಯೇ ಮನೆಯ ಕಡೆಗೆ ತಿರುಗಿರಲಿ,
ಗಾಳಿ ಬಂದರೆ ಬೆನ್ನಿಗೆ ಬರಲಿ, ಬಿಸಿಲು ಬರಲಿ ಹದವಾಗಿ,
ಬೆಳಗು ಸಂಜೆಯ ಗಂಜಿಯೊಳಗೆ ಬೆಣ್ಣೆ ತೇಲಲಿ ಮುದವಾಗಿ.”

“ಓಮಿನ್,” ಎಂದರು ಎಲ್ಲರೂ. ಗಂಜಿಯ ಮಾತು ಕೇಳಿ ಜಿಪಾರ್‌ಗೆ ಕೆನ್ನೆ ಬಿಸಿಯಾಯಿತು.

“ಒಂದು ತಲೆ, ಎರಡು ತಲೆ, ಮೂರು ತಲೆಯ ಸಾಲಿರಲಿ,
ಮೂರು ತಲೆಗೂ ಒಂದೇ ಕೋಣೆ, ಒಂದೇ ತಾಯ ತೋಳಿರಲಿ,
ಏಳು ತುಂಬಿದ ಹೆಣ್ಣುಮಗು ತೇಲಲಿ ತಿಳಿನೀರೆಲೆಯಂತೆ,
ಹೆತ್ತ ಕೈಯೇ ಬೆನ್ನಿಗಿರಲಿ, ತೊಟ್ಟಿಲಡಿಯ ನೆಲದಂತೆ.”

“ಓಮಿನ್,” ಎಂದ ಎರ್ಮೆಕ್, ಅರ್ಥವಾಗದೆ. “ಓಮಿನ್,” ಎಂದಳು ಬೆಗಾಯ್, ಎಲ್ಲ ಮೊದಲೇ ಗೊತ್ತಿದ್ದವಳ ಹಾಗೆ. ಜಿಪಾರ್‌ಳ ಕಣ್ಣು ತನ್ನ ಬಿಚ್ಚಿದ ಅಂಗೈಗಳ ಮೇಲಿತ್ತು. ಅವಳು ತಲೆಯೆತ್ತುವಷ್ಟರಲ್ಲಿ ಅತ್ತೆ ಮೂರನೆಯದಕ್ಕೆ ಬಂದಿದ್ದಳು, ಸ್ವಲ್ಪ ಅವಸರದಲ್ಲಿ.

“ಮುಂದಿನ ಸೀಟು ಮುದುಕಿಗಿರಲಿ, ಮಂಡಿಗೆ ಕಪ್ಪು ಮಣ್ಣಿರಲಿ,
ಹೊಲಕ್ಕೆಂದು ಹೊಲಿದ ಅಂಗಿ ದಡದ ಮೇಲೆ ನಿಂತಿರಲಿ. ಓಮಿನ್.”

ಅಭ್ಯಾಸಬಲ ದೊಡ್ಡದು. ‘ಓಮಿನ್’ ಎಂದೊಡನೆ ಎಲ್ಲರ ಅಂಗೈಗಳೂ ಮುಖದ ಮೇಲಿಂದ ಇಳಿದವು, ಜಿಪಾರ್‌ಳವೂ. ಇಳಿದ ಮೇಲೆ ಮುಗಿಯಿತು. ಓಮಿನ್ ಹೇಳಿ ಮುಖ ಸವರಿಕೊಂಡ ಬತಾವನ್ನು ತಿದ್ದಿದವರು ಆ ಊರಿನಲ್ಲಿ ಇಲ್ಲ.

ಸಾಬಿರಾ ಎಜೆ ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದಳು. ಬುರುಲ್ ಅಪಾ ಕೂತಿದ್ದ ಮೆತ್ತೆಯ ಅಡಿಯಿಂದ ಮಡಚಿದ ಕಾಗದ ತೆಗೆದು ಮಗನ ಮುಂದೆ ಎಸೆದಳು. ಸಂಘದ ಮೊಹರು ಇತ್ತು. ದೊಡ್ಡವರು ಮೂವರು, ಮಕ್ಕಳು ಮೂವರು. ಅತ್ತೆಗೆ ಪಕ್ಕದಲ್ಲೇ ಬೇರೆ ಸಣ್ಣ ಕೋಣೆ. ಎರ್ಮೆಕ್ ಕಾಗದವನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ಮನೆಗೆ ಬಂದ ದಿನವೇ ಅದರ ನಕಲು ಹಿಡಿದು ಸಾಬಿರಾ ಎಜೆ ಚಹಾಕ್ಕೆ ಬಂದಿದ್ದಳಂತೆ. ಅಂದರೆ ಗಂಜಿ, ಕರವಸ್ತ್ರ, ಕಿವಿ ಕೀಳುವ ಹಾಡು, ಎಲ್ಲವನ್ನೂ ಅತ್ತೆ ಒಂದು ತಿಂಗಳು ಪೂರ್ತಿ ಗೊತ್ತಿದ್ದೂ ಗೊತ್ತಿಲ್ಲದವಳಾಗಿ ಕೇಳಿದ್ದಳು.

“ಮಗು ನನ್ನದು ಅಂದಿದ್ದು ನಿಜ,” ಎಂದಳು ಬುರುಲ್ ಅಪಾ, ಮಗನಿಗೆ. “ಕಾಗದದಿಂದ ಅಳಿಸು ಅಂತ ಯಾರೋ ಹೇಳಿದ್ದು ನಿನಗೆ?”

ಎರ್ಮೆಕ್ ಒಂದು ಬೊರ್ಸೋಕ್ ಬಾಯಿಗೆ ಹಾಕಿಕೊಂಡ.

“ಅಪಾ,” ಎಂದಳು ಜಿಪಾರ್, “ನೀವು ನೀರಿಗೆ ಹೆದರ್ತೀರಲ್ಲ.”

“ಹೆದರೋಕೇ ಬರ್ತಿರೋದು. ಇಲ್ಲಿ ಕೂತು ಹೆದರಿದ್ರೆ ಏನೂ ಕಾಣಲ್ಲ.” ಆಮೇಲೆ ತಗ್ಗಿದ ದನಿಯಲ್ಲಿ, “ಆ ಮೂಗು ಒರೆಸೋ ಬಟ್ಟೇನೂ ಒಂದು ಸಲ ನೋಡಬೇಕು,” ಎಂದಳು.

ಮರುದಿನ ಹಳೆಯ ಕಾರು ಆರು ಜನರನ್ನೂ ಒಂದು ಬಾತುಕೋಳಿಯನ್ನೂ ತುಂಬಿಕೊಂಡು ದೊಲೊನ್ ಘಾಟಿ ಹತ್ತಿತು. ಟೈರು ಒಡೆಯಲಿಲ್ಲ. ತಿಲೆಕ್ ಮೂರು ಸಲ ವಾಂತಿ ಮಾಡಿದ. ಅದು ಬತಾದಲ್ಲಿ ಸೇರಿರಲಿಲ್ಲ. ಮುಂದಿನ ಸೀಟಿನಲ್ಲಿ ಬುರುಲ್ ಅಪಾ ಒಣಮೊಸರಿನ ಕುರುತ್ ಉಂಡೆಯೊಂದನ್ನು ಚೀಪುತ್ತಾ ಗಂಡಸಿನ ಹಾಗೆ ದಾರಿ ನೋಡುತ್ತಾ ಕೂತಿದ್ದಳು.

ಮೊದಲ ಎರಡು ದಿನ ಗಾಳಿ. ಮೂರನೆಯ ದಿನ ಸರೋವರ ಬಟ್ಟಲಿನ ಚಹಾದಂತೆ ನಿಂತಿತು. ದಡದಲ್ಲಿ ಬಿಳಿ ದಾರದ ಬಳ್ಳಿಯ ಕಡುನೀಲಿ ಅಂಗಿ ತೊಟ್ಟು, ಮಂಡಿಯ ತನಕ ಕಪ್ಪು ಮಣ್ಣು ಬಳಿದುಕೊಂಡು ಬುರುಲ್ ಅಪಾ ನಿಂತಿದ್ದಳು. ಸುಯುನ್ ಬಾತುಕೋಳಿಯೊಳಗಿಂದ ಅವಳ ಅಂಗಿಯ ತುದಿ ಹಿಡಿದಿದ್ದಳು. ತಿಲೆಕ್ ನೀರು ಕಂಡ ದಿನದಿಂದ ಮರಳು ಬಿಟ್ಟು ಕದಲಿರಲಿಲ್ಲ. ಅವನ ಈಜೆಲ್ಲ ಜಮಖಾನೆಯ ಮೇಲೆ ಮುಗಿದಿತ್ತು. ಎರ್ಮೆಕ್ ಅವನಿಗೆ ಗುಂಡಿ ತೋಡಿಕೊಡುತ್ತಿದ್ದ.

ಸೊಂಟಮಟ್ಟದ ನೀರಿನಲ್ಲಿ ಜಿಪಾರ್ ಮಗಳನ್ನು ಅಂಗಾತ ಮಲಗಿಸಿದಳು. ಬೆನ್ನು ಸೌದೆ ಮನೆಯಲ್ಲಿ ಇದ್ದುದಕ್ಕಿಂತ ಸಣ್ಣದಾಗಿತ್ತು, ಮೀನಿನ ಹಾಗೆ ನಡುಗುತ್ತಿತ್ತು.

“ಜೆನೆ, ಕೈ ತೆಗೀಬೇಡ.”

“ಆಕಾಶ ನೋಡು.”

“ನೋಡ್ತಿದ್ದೀನಿ. ತೆಗೀಬೇಡ.”

ನಡುಕ ನಿಂತಿತು. ಹೊಟ್ಟೆ ಮೇಲೆ ಬಂತು. ಜಿಪಾರ್ ಮನಸ್ಸಿನಲ್ಲೇ ಬಿಸ್ಮಿಲ್ಲಾ ಎಂದು ಅಂಗೈಯನ್ನು ಒಂದು ಬೆರಳಿನಷ್ಟು ಕೆಳಗಿಳಿಸಿದಳು. ಆಮೇಲೆ ಇನ್ನೊಂದು ಬೆರಳು. ಆಮೇಲೆ ಪೂರ್ತಿ ತೆಗೆದು ತನ್ನ ಬೆನ್ನ ಹಿಂದೆ ಕಟ್ಟಿಕೊಂಡಳು. ಬೆಗಾಯ್ ತೇಲುತ್ತಿದ್ದಳು. “ತೆಗೀಬೇಡ ಆಯ್ತಾ,” ಎಂದು ಮೋಡಗಳಿಗೆ ಹೇಳುತ್ತಿದ್ದಳು.

ದಡದಿಂದ ಕೂಗು ಬರುತ್ತದೆಂದು ಜಿಪಾರ್ ಕಿವಿಗೊಟ್ಟು ಕಾದಳು. ಬರಲಿಲ್ಲ. ತಿರುಗಿ ನೋಡಿದರೆ ಬೆದರುಬೊಂಬೆ ನಿಂತಲ್ಲಿರಲಿಲ್ಲ. ಅದು ಒಂದು ಕೈಯಲ್ಲಿ ಅಂಗಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಗಾಳಿ ಹಿಡಿದುಕೊಂಡು, ದೇವರ ಹೆಸರು ಹೇಳುತ್ತಾ ನೀರಿನೊಳಗೆ ನಡೆದುಬರುತ್ತಿತ್ತು. ಅಂಗಿ ಒದ್ದೆಯಾಗಿಯೂ ಮೈಗೆ ಅಂಟಿರಲಿಲ್ಲ.

ಹತ್ತಿರ ಬಂದ ಬುರುಲ್ ಅಪಾ ತೇಲುತ್ತಿದ್ದ ಮಗುವನ್ನೂ ಸೊಸೆಯ ಬೆನ್ನ ಹಿಂದಿನ ಕೈಗಳನ್ನೂ ನೋಡಿದಳು. ಬೆಗಾಯ್ ತಾನಾಗಿ ಕಾಲೂರಿ ನಿಂತು, ಯಾರೂ ಹಿಡಿದಿಲ್ಲವೆಂದು ಕಂಡು, ನಗುವುದೋ ಅಳುವುದೋ ತಿಳಿಯದೆ ಇಬ್ಬರನ್ನೂ ನೋಡಿದಳು. ಆಮೇಲೆ ನಗುವುದೇ ಮೇಲೆಂದು ನಿಶ್ಚಯಿಸಿದಳು.

“ಈಗ ನಾನು,” ಎಂದಳು ಮುದುಕಿ. “ಕೈ ಕೊಡು.”

ಜಿಪಾರ್ ಕೈ ಕೊಟ್ಟಳು. ಕಡುನೀಲಿ ಅಂಗಿ ನೀರಿನ ಮೇಲೆ ಹೂವಿನಂತೆ ಅರಳಿತು. ಆ ಬೆನ್ನು ಭಾರವಾಗಿತ್ತು, ಬಿಗಿಯಾಗಿತ್ತು. ಹೊಟ್ಟೆ ಮೇಲೆ ಮಾಡು ಅಪಾ ಎಂದು ಬೆಗಾಯ್ ಪಾಠ ಹೇಳಿದಳು, ಆಕಾಶ ನೋಡು, ಉಸಿರು ಬಿಗಿ ಹಿಡೀಬೇಡ. ನಿಧಾನವಾಗಿ ಭಾರ ಕಡಿಮೆಯಾಯಿತು. ಜಿಪಾರ್ ಅಂಗೈಯನ್ನು ಒಂದು ಬೆರಳಿನಷ್ಟು ಕೆಳಗಿಳಿಸಿದಳು.

“ನನ್ನ ಹತ್ತಿರ ಬೇಡ ಕಳ್ಳೀ,” ಎಂದಳು ಬುರುಲ್ ಅಪಾ, ಕಣ್ಣು ಮುಚ್ಚಿಕೊಂಡೇ. “ದಡದಿಂದಲೇ ಎಲ್ಲ ನೋಡಿದ್ದೀನಿ.”